ಆಸ್ಪ್ರೇ ಬೀಳುವುದು ಶಾಪದಿಂದಲ್ಲ

ಅರ್ಧ ಹೆಲಿಕಾಪ್ಟರ್, ಅರ್ಧ ವಿಮಾನ. ಎರಡು ದೋಣಿಯಲ್ಲಿ ಕಾಲಿಟ್ಟರೆ ಬೀಳದೆ ಇರುತ್ತದೆಯೇ? ಅಮೆರಿಕದ ವಿ-22 ಆಸ್ಪ್ರೇ ಅಪಘಾತಕ್ಕೀಡಾದಾಗಲೆಲ್ಲ ಈ ಮಾತು ಏಳುತ್ತದೆ. ಅದರ ರೆಕ್ಕೆಯ ಎರಡು ತುದಿಗಳಲ್ಲಿ ಒಂದೊಂದು ರೋಟರ್ (ಗಿರ್ರನೆ ತಿರುಗುವ ಅಲಗುಗಳು): ಮೇಲ್ಮುಖವಾಗಿ ನಿಂತರೆ ಹೆಲಿಕಾಪ್ಟರ್, ಮುಂದಕ್ಕೆ ಬಾಗಿದರೆ ವಿಮಾನ. ಶಾಪಗ್ರಸ್ತ ಯಂತ್ರ ಎನ್ನುವವರೂ ಇದ್ದಾರೆ. ಪ್ರತಿ ಅಪಘಾತಕ್ಕೂ ಬೇರೆಬೇರೆ ಕಾರಣವಿದೆ ಎಂಬುದನ್ನು ಇವರಾರೂ ನೋಡುವುದಿಲ್ಲ.

ಇಂಥದ್ದೊಂದು ಬೇಕೆನಿಸಿದ್ದೇ ಒಂದು ಸೋಲಿನಿಂದ. 1980ರ ಏಪ್ರಿಲ್‌ನಲ್ಲಿ ಅಮೆರಿಕನ್ ಒತ್ತೆಯಾಳುಗಳನ್ನು ಬಿಡಿಸಿಕೊಳ್ಳಲು ಇರಾನಿಗೆ ಹೊರಟ ಎಂಟು ಆರ್‌ಎಚ್-53ಡಿ ಹೆಲಿಕಾಪ್ಟರ್‌ಗಳಲ್ಲಿ ಬಳಕೆಗೆ ಉಳಿದದ್ದು ಐದು, ಬೇಕಿದ್ದದ್ದು ಆರು. ವಾಪಸಾಗುವ ಗಡಿಬಿಡಿಯಲ್ಲಿ ಒಂದು ಹೆಲಿಕಾಪ್ಟರ್ ಸಿ-130 ವಿಮಾನಕ್ಕೆ ಬಡಿದು ಎಂಟು ಜನ ಸತ್ತರು. ನಿಂತಲ್ಲೇ ಇಳಿಯಬೇಕು, ವಿಮಾನದಷ್ಟು ದೂರ ಹಾರಬೇಕು ಎಂಬ ಬೇಡಿಕೆ ಗಟ್ಟಿಯಾದದ್ದು ಆಮೇಲೆ. ಆಸ್ಪ್ರೇ ಗಂಟೆಗೆ ಸುಮಾರು 500 ಕಿ.ಮೀ. ಹೋಗುತ್ತದೆ. ಭಾರ ಎತ್ತುವ ಮಾತು ಬಂದರೆ ಮಾತ್ರ ಹೆಲಿಕಾಪ್ಟರೇ ಮೇಲು: ಸಿಎಚ್-53ಕೆ ಕೊಕ್ಕೆಗೆ 16 ಟನ್ ತೂಗುಹಾಕಬಹುದು, ಆಸ್ಪ್ರೇಗೆ ಏಳು ಟನ್ ಕೂಡ ಆಗದು.

2000ದ ಏಪ್ರಿಲ್ 8ರಂದು ಅರಿಜೋನಾದ ಮರಾನಾದಲ್ಲಿ 19 ಯೋಧರನ್ನು ಕೊಂದದ್ದು ಗಾಳಿಯ ಸುಳಿ. ರೋಟರ್ ಗಾಳಿಯನ್ನು ಕೆಳಕ್ಕೆ ತಳ್ಳಿ ತೂಗಿಕೊಂಡಿರುತ್ತದೆ. ಮುಂದಕ್ಕೆ ಹೋಗದೆ ಜೋರಾಗಿ ಇಳಿದರೆ ತಾನೇ ತಳ್ಳಿದ ಗಾಳಿಯೊಳಕ್ಕೆ ಕುಸಿಯುತ್ತದೆ. ಆ ಗಾಳಿ ಅಂಚಿನಿಂದ ಮೇಲಕ್ಕೆ ಸುತ್ತಿ ಮತ್ತೆ ರೋಟರಿಗೇ ಬರುತ್ತದೆ. ತೊಟ್ಟಿಯ ನೀರೆತ್ತಿ ಅದೇ ತೊಟ್ಟಿಗೆ ಸುರಿಯುವ ಪಂಪಿನ ಹಾಗೆ: ಮೋಟಾರು ಭರ್ರೆನ್ನುತ್ತದೆ, ಗದ್ದೆ ಒಣಗಿಯೇ ಇರುತ್ತದೆ. ಕೆಸರಲ್ಲಿ ಹೂತ ಟ್ರ್ಯಾಕ್ಟರ್ ಚಕ್ರವೆಂದರೂ ಸರಿ, ಹೆಚ್ಚು ತಿರುಗಿಸಿದಷ್ಟೂ ಗುಂಡಿ ಆಳ.

ಈ ಸುಳಿ ಎಲ್ಲ ಹೆಲಿಕಾಪ್ಟರ್‌ಗಳಿಗೂ ಇದೆ. ಸ್ವಾರಸ್ಯವೆಂದರೆ ಆಸ್ಪ್ರೇ ಅದಕ್ಕೆ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಅದರ ರೋಟರ್ ಬರೀ 11.6 ಮೀಟರ್ ಅಗಲ. ಪೂರ್ತಿ ತುಂಬಿದಾಗ ರೋಟರ್ ವೃತ್ತದ ಪ್ರತಿ ಚದರ ಮೀಟರಿಗೆ 113 ಕಿಲೋ ಭಾರ. ಎರಡು ದೊಡ್ಡ ರೋಟರ್‌ಗಳ ಚಿನೂಕ್ ಹೆಲಿಕಾಪ್ಟರ್‌ನಲ್ಲಿ ಇದು 43. ಭಾರ ಹೆಚ್ಚಿದಂತೆ ಕೆಳಗಾಳಿಯೂ ಜೋರು: ಲೆಕ್ಕ ಹಾಕಿದರೆ ರೋಟರಿನ ಬಳಿ ಸೆಕೆಂಡಿಗೆ 21 ಮೀಟರ್, ಚಿನೂಕ್‌ನಲ್ಲಿ 13. ಗಾಳಿ ಜೋರಿದ್ದಷ್ಟೂ ಅದನ್ನು ಹಿಂದೆ ಹಾಕಲು ಇನ್ನೂ ವೇಗವಾಗಿ ಇಳಿಯಬೇಕು. (ಇಳಿಯುವಲ್ಲಿ ಧೂಳೆಬ್ಬಿಸಿ ಪೈಲಟ್‌ಗೇ ನೆಲ ಕಾಣದಂತೆ ಮಾಡುವುದೂ ಇದೇ ಗಾಳಿ.)

ಅಪಾಯವಿರುವುದು ರೋಟರ್‌ಗಳು ಅಕ್ಕಪಕ್ಕ ಇರುವುದರಲ್ಲಿ. ಒಂದೇ ರೋಟರ್ ಇದ್ದರೆ ಹೆಲಿಕಾಪ್ಟರ್ ನೆಟ್ಟಗೆ ಕುಸಿಯುತ್ತದೆ. ಇಲ್ಲಿ ಒಂದು ಮಾತ್ರ ಸುಳಿಗೆ ಸಿಕ್ಕರೆ ಯಂತ್ರ ಆ ಕಡೆಗೆ ಮಗುಚುತ್ತದೆ. ಪೈಲಟ್ ಎದುರು ದಿಕ್ಕಿಗೆ ನಿಯಂತ್ರಣ ಕಡ್ಡಿ ತಳ್ಳುತ್ತಾನೆ. ಆಗ ಕುಸಿಯುತ್ತಿರುವ ರೋಟರಿನ ಅಲಗುಗಳೇ ಇನ್ನಷ್ಟು ಓರೆಯಾಗಿ ಸುಳಿ ಬಲಿಯುತ್ತದೆ. ಮರಾನಾದಲ್ಲಿ ಇಳಿಯುವ ವೇಗ ನಿಮಿಷಕ್ಕೆ 2,000 ಅಡಿ ದಾಟಿತ್ತು. 40 ನಾಟ್‌ಗಿಂತ (ಗಂಟೆಗೆ ಸುಮಾರು 74 ಕಿ.ಮೀ.) ನಿಧಾನವಿದ್ದಾಗ 800 ಅಡಿ ಮೀರಬಾರದು ಎಂಬುದು ನಿಯಮ. ಬಿಡಿಸಿಕೊಳ್ಳುವ ದಾರಿ ಹೆಬ್ಬೆರಳಲ್ಲೇ ಇದೆ: ಪುಟ್ಟ ಚಕ್ರ ಉರುಳಿಸಿ ರೋಟರ್‌ಗಳನ್ನು ಒಂದೆರಡು ಸೆಕೆಂಡು ಮುಂದಕ್ಕೆ ಬಾಗಿಸಿದರೆ ಸಾಕು, ಹೊಸ ಗಾಳಿ ಸಿಗುತ್ತದೆ. ಎತ್ತರ ಉಳಿದಿರಬೇಕು, ಅಷ್ಟೆ.

ಈಚಿನ ಕೆಲವು ಸಾವುಗಳಿಗೆ ಮೂಲ ಗೇರ್‌ಬಾಕ್ಸ್. ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ಸೈಕಲ್ ಫ್ರೀವೀಲ್‌ನಂತೆ ಒಂದೇ ದಿಕ್ಕಿಗೆ ಹಿಡಿಯುವ ಕ್ಲಚ್ ಇದೆ. ಸವೆದರೆ ಜಾರುತ್ತದೆ, ಭಾರವೆಲ್ಲ ರೆಕ್ಕೆಯೊಳಗಿನ ಶಾಫ್ಟ್ ಮೂಲಕ ಇನ್ನೊಂದು ಎಂಜಿನ್‌ಗೆ ಹೋಗುತ್ತದೆ, ಮರುಕ್ಷಣ ಕ್ಲಚ್ ಮತ್ತೆ ಕಚ್ಚಿದಾಗ ಏಟು ಬೀಳುತ್ತದೆ. 2022ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಐವರು ಸತ್ತದ್ದು ಇದರಿಂದ. ಈಗ ಆ ಭಾಗವನ್ನು 800 ಗಂಟೆಗೆ ಬದಲಿಸುತ್ತಾರೆ.

2023ರ ನವೆಂಬರ್ 29ರಂದು ಜಪಾನಿನ ಯಾಕುಶಿಮಾ ಬಳಿ ಎಂಟು ಜನರಿದ್ದ ಆಸ್ಪ್ರೇ ಸಮುದ್ರಕ್ಕೆ ಬಿತ್ತು, ಎಲ್ಲರೂ ಸತ್ತರು. ಗೇರ್ ಒಂದು ಬಿರುಕುಬಿಟ್ಟು ಒಡೆದಿತ್ತು. ಎಣ್ಣೆಯಲ್ಲಿ ಲೋಹದ ಚೂರಿದೆ ಎಂದು ಆಯಸ್ಕಾಂತದ ಸೂಚಕ ಒಂದರ ಮೇಲೊಂದು ಎಚ್ಚರಿಕೆ ಕೊಟ್ಟರೂ ಸಿಬ್ಬಂದಿ ಹಾರಾಟ ಮುಂದುವರಿಸಿದ್ದರು. ಸಣ್ಣ ಚೂರುಗಳನ್ನು ಈ ಸೂಚಕ ವಿದ್ಯುತ್ತಿನಿಂದ ತಾನೇ ಸುಟ್ಟುಹಾಕುತ್ತದೆ. ಹಾಗಾಗಿ ದೀಪ ಆರಿದರೆ ‘ಸರಿಹೋಯ್ತು’ ಎಂದುಕೊಳ್ಳುವುದು ಸಹಜ, ತಪ್ಪೂ ಹೌದು. ಉಕ್ಕಿನೊಳಗಿನ ಕಲ್ಮಶದಿಂದ ಬಿರುಕು ಹುಟ್ಟಬಹುದಾದ್ದರಿಂದ, ಮೂರು ಸಲ ಕರಗಿಸಿ ಶುದ್ಧಗೊಳಿಸಿದ ಉಕ್ಕಿನ ಗೇರ್‌ಗಳನ್ನು ಹಾಕುವುದು ಪರಿಹಾರ. 2024ರ ಮಾರ್ಚ್‌ನಲ್ಲಿ ಅಪಘಾತದ ಬಳಿಕ ನಿಲ್ಲಿಸಿದ್ದ ಹಾರಾಟ ಮತ್ತೆ ಶುರುವಾದರೂ, ಇಳಿಯಲು ತಕ್ಕ ನಿಲ್ದಾಣದಿಂದ 30 ನಿಮಿಷಕ್ಕಿಂತ ದೂರ ಹೋಗಬಾರದೆಂಬ ಕಟ್ಟು ಬಿತ್ತು. ನಡುಗಡಲಿನ ಯುದ್ಧನೌಕೆಗೆ ಸರಕು ಒಯ್ಯಬೇಕಾದ ಯಂತ್ರಕ್ಕೆ ಇದು ಕಾಲಿಗೆ ಕಟ್ಟಿದ ಗುಂಡು.