ಹಾಜರಿ ಪುಸ್ತಕ ಇಲ್ಲದ ಕೆಲಸ, ಲೆಕ್ಕಕ್ಕೆ ಸಿಗದ ಕಾಯಿಲೆ

ದಿನಕ್ಕೆ ಎಷ್ಟು ಗಂಟೆ ದುಡಿಸಬಹುದು ಎಂಬ ಜಗ್ಗಾಟ ಕರ್ನಾಟಕದಲ್ಲಿ 2023ರಿಂದ ನಡೆದೇ ಇದೆ. ಆ ವರ್ಷ ಫೆಬ್ರುವರಿಯಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿಯಾಯಿತು. ವಾರಕ್ಕೆ 48 ಗಂಟೆ ಎಂಬ ಮಿತಿ ಹಾಗೇ ಉಳಿಯಿತು. ದಿನದ ಮಿತಿ ಮಾತ್ರ ವಿರಾಮವೂ ಸೇರಿ 12 ಗಂಟೆಯವರೆಗೆ ಹಿಗ್ಗಿತು. ಮೂರು ತಿಂಗಳಿಗೆ 75 ಗಂಟೆ ಇದ್ದ ಓವರ್‌ಟೈಮ್ 145ಕ್ಕೆ ಏರಿತು. 2024ರ ಜುಲೈನಲ್ಲಿ ಐಟಿ ಕಂಪನಿಗಳಿಗೆ 14 ಗಂಟೆಯ ಪ್ರಸ್ತಾಪ ಕೇಳಿಬಂದು ಗದ್ದಲವಾಯಿತು. 2025ರಲ್ಲಿ ಗಿಗ್ ಕಾರ್ಮಿಕರಿಗೆಂದು, ಅಂದರೆ ಆ್ಯಪ್ ಕಂಪನಿಗಳಿಗೆ ಬಿಡಿ ಬಿಡಿಯಾಗಿ ದುಡಿಯುವವರಿಗೆಂದು, ರಾಜ್ಯದ್ದೇ ಒಂದು ಕಾನೂನು ಬಂತು. ಅದೇ ವರ್ಷ ನವೆಂಬರ್ 21ರಂದು ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಯಾದವು. ಪ್ರತಿ ಸಲವೂ ಚರ್ಚೆ ಬಂದು ನಿಲ್ಲುವುದು ಒಂದೇ ಕಡೆ: ಇದರಿಂದ ಆರೋಗ್ಯ ಕೆಡುತ್ತದೆ ಅನ್ನುವುದಕ್ಕೆ ನಮ್ಮಲ್ಲಿ ಆದ ಅಧ್ಯಯನ ಎಲ್ಲಿದೆ? ಪ್ರಶ್ನೆ ಒಳ್ಳೆಯದೇ. ಉತ್ತರಕ್ಕೆ ಮಾತ್ರ ಸ್ವಲ್ಪ ಹಿಂದಿನಿಂದ ಬರಬೇಕು.

ತೀರಾ ಹಿಂದಿನದನ್ನು ಬೇಗ ಹೇಳಿ ಮುಗಿಸಬಹುದು. 1700ರಲ್ಲಿ ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಝೀನಿ, ರೋಗಿಯನ್ನು ಕೇಳಬೇಕಾದ ಪ್ರಶ್ನೆಗಳ ಪಟ್ಟಿಗೆ 'ನೀನು ಮಾಡುವ ಕೆಲಸ ಏನು' ಎಂಬುದನ್ನೂ ಸೇರಿಸಿದ. ನಮ್ಮಲ್ಲಿ 1881ಕ್ಕೆ ಮೊದಲ ಕಾರ್ಖಾನೆ ಕಾಯ್ದೆ ಬಂತು; 1948ಕ್ಕೆ ಈಚಿನವರೆಗೂ ನಡೆದ ಕಾಯ್ದೆ ಮತ್ತು ಅದೇ ವರ್ಷ ಕಾರ್ಮಿಕರ ಆರೋಗ್ಯ ವಿಮೆಯಾದ ಇಎಸ್‌ಐ ಕಾಯ್ದೆ. ಅಹಮದಾಬಾದಿನಲ್ಲಿ ಔದ್ಯೋಗಿಕ ಆರೋಗ್ಯದ ರಾಷ್ಟ್ರೀಯ ಸಂಸ್ಥೆ ಹುಟ್ಟಿತು. ಅದರ ದಕ್ಷಿಣದ ಕೇಂದ್ರ ಬೆಂಗಳೂರಿನಲ್ಲಿದೆ.

ಸಂಶೋಧನೆ ನಿಜಕ್ಕೂ ಬೇರು ಬಿಟ್ಟದ್ದು ಗಣಿ ಮತ್ತು ಗಿರಣಿಗಳಲ್ಲಿ. ಸಿಲಿಕೋಸಿಸ್ ಕುರಿತು ದೇಶದ ಆರಂಭದ ದೊಡ್ಡ ಅಧ್ಯಯನಗಳು 1940ರ ದಶಕದಲ್ಲಿ ಕೋಲಾರದ ಚಿನ್ನದ ಗಣಿಗಳಿಂದ ಬಂದವು. ಬಂಡೆ ಕೊರೆದಾಗ ಏಳುವ ದೂಳು ಶ್ವಾಸಕೋಶದಲ್ಲಿ ಕೂತು, ಹತ್ತಿಪ್ಪತ್ತು ವರ್ಷ ಬಿಟ್ಟು ಏದುಸಿರಾಗಿ ಹೊರಬೀಳುವ ರೋಗ ಅದು. ಅಷ್ಟು ವರ್ಷ ಒಬ್ಬನ ಬೆನ್ನು ಹತ್ತುವುದಕ್ಕೆ ಅವನು ಅದೇ ಊರಲ್ಲಿ, ಅದೇ ಕಂಪನಿಯಲ್ಲಿ, ಅದೇ ಹೆಸರಲ್ಲಿ ಸಿಗಬೇಕು. ಕೆಜಿಎಫ್‌ನಲ್ಲಿ ಸಿಗುತ್ತಿದ್ದ. ಕಂಪನಿಯದೇ ಕಾಲೊನಿ, ಕಂಪನಿಯದೇ ಆಸ್ಪತ್ರೆ. ಯಾರು ಎಷ್ಟು ವರ್ಷ ಭೂಮಿಯ ಒಳಗೆ ದುಡಿದರು, ಯಾರು ಮೇಲೆ ಎಂಬುದಕ್ಕೆ ದಾಖಲೆ. ಆ ದಾಖಲೆಯನ್ನು ಆರೋಗ್ಯಕ್ಕಾಗಿ ಇಟ್ಟಿರಲಿಲ್ಲ ಎಂಬುದನ್ನು ಮರೆಯಬಾರದು. ಹೆಬ್ಬೆಟ್ಟು ಒತ್ತಿ ನೋಂದಾಯಿಸಿಕೊಳ್ಳಬೇಕು ಎಂದಾಗ 1930ರಲ್ಲಿ ಅಲ್ಲಿ ಮುಷ್ಕರವೇ ಆಗಿತ್ತು. ಆಳನ್ನು ಹಿಡಿತದಲ್ಲಿಡಲು ಬರೆದ ಪುಸ್ತಕ ಮುಂದೆ ಅವನ ರೋಗಕ್ಕೂ ಸಾಕ್ಷಿಯಾಯಿತು, ಅಷ್ಟೆ.

ಶಾಲೆಯ ಭಿನ್ನರಾಶಿ ನೆನಪಿದ್ದರೆ ಇದು ಸುಲಭ. ಎಷ್ಟು ಜನಕ್ಕೆ ರೋಗ ಬಂತು ಎಂಬುದು ಅಂಶ. ಎಷ್ಟು ಜನ ಎಷ್ಟು ವರ್ಷ ಆ ಕೆಲಸ ಮಾಡಿದರು ಎಂಬುದು ಛೇದ. ಆಸ್ಪತ್ರೆಯಲ್ಲಿ ಸಿಗುವುದು ಅಂಶ ಮಾತ್ರ. ಛೇದಕ್ಕೆ ಹಾಜರಿ ಪುಸ್ತಕವೇ ಆಗಬೇಕು.

ಗಿರಣಿಗಳಲ್ಲಿ ವಾರದ ರಜೆಯೇ ರೋಗ ಹಿಡಿದುಕೊಟ್ಟಿತು. ಹತ್ತಿಯ ದೂಳಿನಿಂದ ಬರುವ ಬಿಸಿನೋಸಿಸ್‌ಗೆ 'ಸೋಮವಾರದ ಜ್ವರ' ಎಂಬ ಅಡ್ಡಹೆಸರಿದೆ. ಭಾನುವಾರ ಮನೆಯಲ್ಲಿದ್ದು ಸೋಮವಾರ ಗಿರಣಿಗೆ ಬಂದವನಿಗೆ ಎದೆ ಬಿಗಿಯುತ್ತದೆ, ವಾರ ಕಳೆದಂತೆ ಸಡಿಲವಾಗುತ್ತದೆ. ವೈದ್ಯರು ರೋಗದ ಮೊದಲ ಹಂತವನ್ನು ಗುರುತಿಸುತ್ತಿದ್ದದ್ದೇ ಈ ಸೋಮವಾರದಿಂದ. ಪಾಳಿ ಅಡ್ಡಾದಿಡ್ಡಿಯಾಗಿ, ರಜೆ ಒಂದು ವಾರ ಮಂಗಳವಾರ, ಇನ್ನೊಂದು ವಾರ ಇಲ್ಲವೇ ಇಲ್ಲ ಎಂದಾದರೆ ಆ ಗುರುತು ಹಿಡಿಯುವುದು ಕಷ್ಟ.

ಹಳೆಯ ಸುರಕ್ಷತಾ ವಿಜ್ಞಾನದ ಒಳಗೆಲ್ಲ ಹೀಗೆ ಒಂದು ಗಡಿಯಾರ ಕೂತಿದೆ. ಗಾಳಿಯಲ್ಲಿ ಇಂಥ ರಾಸಾಯನಿಕ ಇಷ್ಟಿದ್ದರೆ ಪರವಾಗಿಲ್ಲ ಎಂಬ ಮಿತಿಗಳನ್ನು ದಿನಕ್ಕೆ 8 ಗಂಟೆ, ವಾರಕ್ಕೆ 40 ಗಂಟೆ ಎಂದಿಟ್ಟುಕೊಂಡು ಲೆಕ್ಕ ಹಾಕಿದ್ದಾರೆ. ಉಳಿದ 16 ಗಂಟೆ ದೇಹ ವಿಷವನ್ನು ಹೊರಹಾಕಿಕೊಳ್ಳುತ್ತದೆ ಎಂಬ ನಂಬಿಕೆಯ ಮೇಲೆ. ಪಾಳಿ ಉದ್ದವಾದರೆ? 1975ರಲ್ಲಿ ಬ್ರೀಫ್ ಮತ್ತು ಸ್ಕಾಲಾ ಎಂಬಿಬ್ಬರು ಸರಳ ಸೂತ್ರ ಕೊಟ್ಟರು. 8ನ್ನು ಪಾಳಿಯ ಗಂಟೆಗಳಿಂದ ಭಾಗಿಸಿ, ಉಳಿಯುವ ಬಿಡುವನ್ನು 16ರಿಂದ ಭಾಗಿಸಿ, ಎರಡನ್ನೂ ಗುಣಿಸಿ. 12 ಗಂಟೆಯ ಪಾಳಿಗೆ ಹಾಕಿ ನೋಡಿ: ಮೂರರಲ್ಲಿ ಎರಡು ಭಾಗ, ನಾಲ್ಕರಲ್ಲಿ ಮೂರು ಭಾಗ, ಗುಣಿಸಿದರೆ ಸರಿಯಾಗಿ ಅರ್ಧ. ಪಾಳಿ ಒಂದೂವರೆ ಪಟ್ಟಾದರೆ ಗಾಳಿಯಲ್ಲಿನ ವಿಷ ಅರ್ಧಕ್ಕೆ ಇಳಿಯಬೇಕು. ಇದು ತೀರಾ ಎಚ್ಚರಿಕೆಯ ಲೆಕ್ಕ ಎನ್ನುವವರಿದ್ದಾರೆ, ಇರಲಿ. ಆದರೆ ಗಂಟೆ ಹಿಗ್ಗಿಸುವ ಮಾತು ಬಂದಾಗ ಮಿತಿ ಕುಗ್ಗಿಸುವ ಮಾತು ಜೊತೆಗೆ ಬಂದದ್ದು ನನ್ನ ಕಿವಿಗೆ ಬಿದ್ದಿಲ್ಲ.

ನಾನು ಸ್ವಲ್ಪ ಹೆಚ್ಚು ನಿಲ್ಲಬೇಕೆಂದಿರುವುದು ಗಾರ್ಮೆಂಟ್ಸ್ ಕಾಲದಲ್ಲಿ. ಬೆಂಗಳೂರಿನ ಹಳೆಯ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಮೈಸೂರು ರಸ್ತೆ, ಹೊಸೂರು ರಸ್ತೆ, ಪೀಣ್ಯದ ಕಡೆ ಸಿದ್ಧ ಉಡುಪಿನ ಕಾರ್ಖಾನೆಗಳು ತಲೆಯೆತ್ತಿದವು. ಇಲ್ಲಿ ಹಾಜರಿ ಪುಸ್ತಕ ಇತ್ತು. ಪಿಎಫ್, ಇಎಸ್‌ಐ ಎಲ್ಲ ಇತ್ತು. ಸಂಶೋಧಕರಿಗೆ ಸುಗ್ಗಿಯಾಗಬೇಕಿತ್ತು. ಆಗಲಿಲ್ಲ. ಹೆಸರುಗಳು ಪುಸ್ತಕದಲ್ಲಿ ನಿಲ್ಲುತ್ತಿರಲಿಲ್ಲ.

ಒಂದು ಲೈನ್ ಕಣ್ಣ ಮುಂದೆ ತಂದುಕೊಳ್ಳಿ. ಒಬ್ಬಳು ಕಾಲರ್ ಮಾತ್ರ ಹೊಲಿಯುತ್ತಾಳೆ, ಮುಂದಿನವಳು ಅದನ್ನು ಅಂಗಿಗೆ ಕೂರಿಸುತ್ತಾಳೆ, ಹೆಲ್ಪರ್ ದಾರ ಕತ್ತರಿಸುತ್ತಾಳೆ, ಚೆಕಿಂಗ್‌ನವಳು ದಿನವಿಡೀ ನಿಂತೇ ಇರುತ್ತಾಳೆ. ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್ ಬೋರ್ಡಿನ ಮೇಲೆ. ಎದ್ದು ಹೋದರೆ ಪೀಸ್ ಗುಡ್ಡೆ ಬೀಳುತ್ತದೆ, ಸೂಪರ್‌ವೈಸರ್ ಬಾಯಿ ಮಾಡುತ್ತಾನೆ. ಹಾಗಾಗಿ ಶೌಚಕ್ಕೆ ಹೋಗದಿರಲು ನೀರನ್ನೇ ಕಡಿಮೆ ಕುಡಿಯುತ್ತಾರೆ. ಕುತ್ತಿಗೆ, ಬೆನ್ನು, ಮಣಿಕಟ್ಟು, ಉರಿಮೂತ್ರ. ಕಾರ್ಖಾನೆ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ, ಕಂಡರೆ ವರದಿ ಮಾಡಲೇಬೇಕಾದ 29 ರೋಗಗಳಿದ್ದವು: ಸೀಸದ ವಿಷ, ಆಂಥ್ರಾಕ್ಸ್, ಸಿಲಿಕೋಸಿಸ್ ಇತ್ಯಾದಿ. ಹೊಲಿಗೆಯವಳ ಬೆನ್ನುನೋವು ಅದರಲ್ಲಿರಲಿಲ್ಲ. ಡಿಸ್ಪೆನ್ಸರಿಯ ಚೀಟಿಯಲ್ಲಿ ನೋವಿನ ಹೆಸರಿರುತ್ತದೆ, ಮಾತ್ರೆಯ ಹೆಸರಿರುತ್ತದೆ. ಕೆಲಸದ ಹೆಸರು ಅಪರೂಪ. ರಾಮಝೀನಿಯ ಪ್ರಶ್ನೆ ಮುನ್ನೂರು ವರ್ಷದ ಮೇಲೂ ಆ ಕೌಂಟರಿನವರೆಗೆ ಬಂದು ತಲುಪಿಲ್ಲ.

ನೋವು ತಡೆಯದಾದಾಗ ಅವಳು ಕೆಲಸ ಬಿಡುತ್ತಾಳೆ. ಊರಿಗೆ ಹೋಗುತ್ತಾಳೆ, ಇಲ್ಲವೇ ಆರು ತಿಂಗಳ ಮೇಲೆ ಪಕ್ಕದ ಫ್ಯಾಕ್ಟರಿ ಸೇರುತ್ತಾಳೆ. ಆಮೇಲೆ ತಂಡವೊಂದು ಪ್ರಶ್ನಾವಳಿ ಹಿಡಿದು ಬಂದರೆ ಲೈನಿನಲ್ಲಿ ಕೂತಿರುವವರು ತಡೆದುಕೊಂಡವರು ಮಾತ್ರ. ಅವರನ್ನು ಪರೀಕ್ಷಿಸಿದರೆ ಫ್ಯಾಕ್ಟರಿ ಆರೋಗ್ಯವಾಗಿಯೇ ಕಾಣುತ್ತದೆ. ಗಟ್ಟಿಮುಟ್ಟಾದವರು ಉಳಿದು, ಕುಸಿದವರು ಲೆಕ್ಕದಿಂದ ಜಾರಿಹೋಗುವ ಈ ಮೋಸ ಸಂಶೋಧಕರಿಗೆ ಹೊಸತಲ್ಲ. ಬೇಗ ಬೇಗ ಆಳು ಬದಲಾಗುವ ಕಡೆ ಅದು ಹಲವು ಪಟ್ಟಾಗುತ್ತದೆ.

ಅವರು ಎಷ್ಟು ಕಾಲ ಉಳಿಯುತ್ತಾರೆ ಎಂಬುದಕ್ಕೆ ಬೆಂಗಳೂರು ಒಮ್ಮೆ ಬೀದಿಯಲ್ಲೇ ಉತ್ತರ ಕಂಡಿತು. ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ನಿಯಮ 2016ರಲ್ಲಿ ಬಂದಾಗ, ಏಪ್ರಿಲ್ 18 ಮತ್ತು 19ರಂದು ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೆದ್ದಾರಿಗಳನ್ನು ತಡೆದರು. ಬಸ್ಸುಗಳಿಗೆ ಬೆಂಕಿ ಬಿತ್ತು, ಎರಡನೇ ದಿನ ನಿಯಮ ವಾಪಸಾಯಿತು. ಪತ್ರಿಕೆಗಳು ಅದನ್ನು ಹಣದ ಜಗಳವೆಂದು ಬರೆದವು. ಔದ್ಯೋಗಿಕ ಆರೋಗ್ಯದವರು ಬೇರೆಯದನ್ನೂ ಓದಬಹುದಿತ್ತು: 58ರವರೆಗೆ ಈ ಮಿಷಿನ್ ಮುಂದೆ ಕೂರಬಲ್ಲೆ ಎಂದು ಅವರಲ್ಲಿ ಯಾರೂ ಎಣಿಸಿರಲಿಲ್ಲ. ಹೊಸ ಸಂಹಿತೆಯಲ್ಲಿ 40 ದಾಟಿದವರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಇದೆ. ಒಳ್ಳೆಯದು. ಲೈನಿನಲ್ಲಿ 40 ದಾಟಿದವರು ಎಷ್ಟು ಮಂದಿ ಸಿಗುತ್ತಾರೆ ಎಂದೂ ಒಮ್ಮೆ ಎಣಿಸಬೇಕು. ಇನ್ನೊಂದು ಬದಲಾವಣೆ ಸದ್ದಿಲ್ಲದೆ ಆಗಿದೆ. ವಿದ್ಯುತ್ ಬಳಸುವ ಘಟಕ 'ಕಾರ್ಖಾನೆ' ಅನ್ನಿಸಿಕೊಳ್ಳಲು 10 ಜನ ಸಾಕಿತ್ತು, ಈಗ 20 ಬೇಕು.

ಪುಸ್ತಕವೇ ಇಲ್ಲದ ಕೆಲಸ ಆ್ಯಪ್‌ಗಳ ಜೊತೆ ಬಂತು ಎನ್ನುವವರು ಕರಾವಳಿಯ ಬೀಡಿ ಕಟ್ಟುವವರನ್ನು ಮರೆತಿರುತ್ತಾರೆ. ಎಲೆ, ಹೊಗೆಸೊಪ್ಪು ಮನೆಗೆ ತಂದು, ಸಾವಿರ ಬೀಡಿಗೆ ಇಷ್ಟು ಎಂದು ಕೂಲಿ ಪಡೆದು, ಮಕ್ಕಳು ಮಲಗುವ ಕೋಣೆಯಲ್ಲೇ ಹೊಗೆಸೊಪ್ಪಿನ ದೂಳು ಕುಡಿದವರು ಅವರು. ಗಂಟೆಯ ಲೆಕ್ಕ ಅಲ್ಲಿಯೂ ಇರಲಿಲ್ಲ. ಅವರಿಗಾಗಿ 1966ರಲ್ಲೇ ಪ್ರತ್ಯೇಕ ಕಾಯ್ದೆ ಆಗಿತ್ತು.

ಕಾಲ್ ಸೆಂಟರ್, ಐಟಿಯ ವಿಷಯ ಚುಟುಕಾಗಿ. ರಾತ್ರಿ ಪಾಳಿ ಕ್ಯಾನ್ಸರ್ ತರುವ ಸಂಭವವಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2007ರಲ್ಲಿ ಹೇಳಿತು, 2019ರಲ್ಲಿ ಮತ್ತೆ ಹೇಳಿತು. ವಾರಕ್ಕೆ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿದದ್ದರಿಂದ ಪಾರ್ಶ್ವವಾಯು ಮತ್ತು ಹೃದ್ರೋಗ ತಗುಲಿ 2016ರಲ್ಲಿ ಜಗತ್ತಿನಾದ್ಯಂತ 7.45 ಲಕ್ಷ ಜನ ಸತ್ತರು ಎಂದು ಅದೇ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಅಂದಾಜಿಸಿದವು. ಹೊರೆ ಹೆಚ್ಚು ಬಿದ್ದಿರುವ ಪ್ರದೇಶಗಳಲ್ಲಿ ಆಗ್ನೇಯ ಏಷ್ಯಾವೂ ಒಂದು, ಅವರ ಭೂಪಟದಲ್ಲಿ ಭಾರತ ಬರುವುದು ಅಲ್ಲಿಯೇ. ಇಂಥ ಅಂದಾಜಿಗೆ, ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನಗಳು ಬೇಕು. ಪಿಂಚಣಿ ದಾಖಲೆಯಲ್ಲೇ ಪ್ರತಿಯೊಬ್ಬರ ಉದ್ಯೋಗ ಸಿಗುವ ಡೆನ್ಮಾರ್ಕಿನಂಥ ಕಡೆ ಅದು ಸಲೀಸು.

ಈಗ ಗಿಗ್. ನೀತಿ ಆಯೋಗದ ಅಂದಾಜಿನಂತೆ 2020-21ರಲ್ಲಿ ದೇಶದಲ್ಲಿ 77 ಲಕ್ಷ ಗಿಗ್ ಕಾರ್ಮಿಕರಿದ್ದರು, 2029-30ಕ್ಕೆ 2.35 ಕೋಟಿ ಆಗುತ್ತಾರೆ. ಇವರ ಹೆಸರು ಬರುವುದು ಸಾಮಾಜಿಕ ಭದ್ರತೆಯ ಸಂಹಿತೆಯಲ್ಲಿ. ಕೆಲಸದ ಜಾಗದ ಸುರಕ್ಷತೆಯ ಸಂಹಿತೆಯಲ್ಲಿ ಅಲ್ಲ. ಕೆಲಸದ ಜಾಗ ಯಾವುದು ಎಂದು ಕೇಳಿದರೆ ಸಿಲ್ಕ್ ಬೋರ್ಡ್ ಸಿಗ್ನಲ್ ಎನ್ನಬೇಕಾಗುತ್ತದೆ. ಡೆಲಿವರಿ ಹುಡುಗ ಸ್ಕಿಡ್ ಆಗಿ ಬಿದ್ದರೆ ಠಾಣೆಯಲ್ಲಿ ಅದು ರಸ್ತೆ ಅಪಘಾತ, ವಾಹನ ದ್ವಿಚಕ್ರ. ಬೆನ್ನ ಮೇಲಿದ್ದ ಬ್ಯಾಗು ಲೆಕ್ಕಕ್ಕಿಲ್ಲ. ಯಾವ ಹೊತ್ತಿಗೆ ಎಷ್ಟು ವೇಗದಲ್ಲಿ ಯಾರು ಓಡಿದರು ಎಂಬ, ಹಳೆಯ ಸಂಶೋಧಕರು ಕನಸಲ್ಲೂ ಕಾಣದ ಮಾಹಿತಿ ಕಂಪನಿಗಳ ಸರ್ವರ್‌ಗಳಲ್ಲಿದೆ. ಆ ಬಾಗಿಲು ಹೊರಗಿನವರಿಗೆ ತೆರೆಯುವುದಿಲ್ಲ.

ಕರ್ನಾಟಕದ 2025ರ ಕಾನೂನಿನಡಿ ಪ್ರತಿ ಗಿಗ್ ಕಾರ್ಮಿಕನೂ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯಾಗಬೇಕು, ಪ್ರತಿಯೊಬ್ಬನಿಗೂ ಒಂದು ಗುರುತಿನ ಸಂಖ್ಯೆ. ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಸಲ್ಲುವ ಹಣದ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ. ಎಷ್ಟೋ ವರ್ಷದ ಮೇಲೆ ಪುಸ್ತಕವೊಂದು ಮತ್ತೆ ತೆರೆದಂತಾಯಿತು. ದುಡ್ಡಿನ ಲೆಕ್ಕಕ್ಕೆಂದು ಶುರುವಾದರೂ ಅಡ್ಡಿಯಿಲ್ಲ, ಕೆಜಿಎಫ್‌ನದೂ ಬೇರೆ ಕಾರಣಕ್ಕೇ ಶುರುವಾಗಿತ್ತು. ಆ ಗಣಿ 2001ರ ಫೆಬ್ರುವರಿ 28ಕ್ಕೆ ಮುಚ್ಚಿತು. ಕೆಜಿಎಫ್‌ನಲ್ಲಿ ನೋಂದಾಯಿತ ಕಚೇರಿಯಿದ್ದ ರಾಷ್ಟ್ರೀಯ ಗಣಿಗಾರರ ಆರೋಗ್ಯ ಸಂಸ್ಥೆಯನ್ನು 2019ರಲ್ಲಿ ಅಹಮದಾಬಾದಿನ ಸಂಸ್ಥೆಯೊಳಗೆ ವಿಲೀನ ಮಾಡಲಾಯಿತು. ಎದೆಯಲ್ಲಿ ಕೂತ ದೂಳು ಗಣಿ ಮುಚ್ಚಿದ ದಿನಕ್ಕೆ ನಿಲ್ಲುವುದಿಲ್ಲ.

ಹೊಸ ಪುಸ್ತಕದಲ್ಲಿ ಗಂಟೆಯನ್ನು ಹೇಗೆ ಬರೆಯುವುದು ಎಂಬುದೂ ಸಣ್ಣ ತಲೆನೋವಲ್ಲ. ಚಹಾ ಅಂಗಡಿಯ ಮುಂದೆ ಆರ್ಡರ್‌ಗೆ ಕಾಯುತ್ತಿದ್ದ ಹುಡುಗನೊಬ್ಬನನ್ನು, ನಿನ್ನೆ ಎಷ್ಟು ಗಂಟೆ ಕೆಲಸ ಮಾಡಿದೆ ಎಂದು ಕೇಳಿದೆ. ಅವನು ಫೋನ್ ತೆಗೆದ. ಊಟ ತಲುಪಿಸುವ ಆ್ಯಪ್‌ನಲ್ಲಿ 11 ಗಂಟೆ ಲಾಗಿನ್ ಇತ್ತು, ದಿನಸಿಯದರಲ್ಲಿ 9 ಗಂಟೆ. ಕೂಡಿಸಿದರೆ 20. ಎರಡನ್ನೂ ಒಟ್ಟಿಗೆ ಆನ್ ಮಾಡಿಟ್ಟಿದ್ದ, ಯಾವುದು ಮೊದಲು ಬಡಿದುಕೊಂಡರೆ ಅದು. ನಿಜವಾಗಿ ಓಡಿದ್ದು ಎಷ್ಟು, ಕಾದಿದ್ದು ಎಷ್ಟು ಎಂದರೆ ನಕ್ಕ. "ಬೆಳಿಗ್ಗೆ ಒಂಬತ್ತಕ್ಕೆ ಮನೆ ಬಿಟ್ಟೆ, ರಾತ್ರಿ ಹನ್ನೊಂದಕ್ಕೆ ಸೇರಿದೆ ಅಂತ ಬರ್ಕೊಳ್ಳಿ ಸಾರ್" ಎಂದ.