ಜಾಗ ಸಾಲದ ಮ್ಯೂಸಿಯಂ, ಹೊರೆ ಹೊತ್ತ ವಾಡೆ

ವಿಜಯಪುರ ಸೀಮೆಯ ಡೋಣಿ ನದಿಯ ಬಯಲಿನ ಊರೊಂದರಲ್ಲಿ ದೊಡ್ಡ ವಾಡೆಯೊಂದಿದೆ, ಹಿಂದಿನ ಕಾಲದ ದೊಡ್ಡ ಮನೆತನದ ಮನೆ. ಮನೆತನದವರು ಅದನ್ನು ಊರಿಗೆ ಬಿಟ್ಟುಕೊಟ್ಟ ಮೇಲೆ ಅಲ್ಲಿ ಸಣ್ಣ ಮ್ಯೂಸಿಯಂ ನಡೆಯುತ್ತಿದೆ. ಎರಡು ವರ್ಷದ ಹಿಂದೆ ಅದರ ಸಮಿತಿಯವರು ನನ್ನನ್ನು ಕರೆಸಿದಾಗ ಪಡಸಾಲೆಯ ಜಮಖಾನೆಯ ಮೇಲೆ ಒಂದು ನಕ್ಷೆ ಹಾಸಿತ್ತು. ವಾಡೆಯ ಹಿಂಗೋಡೆಗೆ ಅಂಟಿಕೊಂಡು ಮೂರಂತಸ್ತಿನ ಹೊಸ ಕಟ್ಟಡ, ಮಾಳಿಗೆಯ, ಅಂದರೆ ಮಣ್ಣಿನ ಚಪ್ಪಟೆ ಚಾವಣಿಯ, ಮೇಲೆ ಕಬ್ಬಿಣದ ತೊಲೆ ಕೂರಿಸಿ ಇನ್ನೊಂದು ಸಭಾಂಗಣ. "ಸಾಹೇಬರೇ, ಜಾಗ ಸಾಲುತ್ತಿಲ್ಲ. ವೀರಗಲ್ಲುಗಳು ಅಂಗಳದಲ್ಲಿ ನೆನೆಯುತ್ತಿವೆ. ಹಳ್ಳಿಯವರು ದಿನಾ ಏನಾದರೊಂದು ತಂದುಕೊಡುತ್ತಾರೆ, ಬೇಡ ಎನ್ನಲು ಮನಸ್ಸು ಬರುವುದಿಲ್ಲ" ಎಂದರು ಸಮಿತಿಯ ಹಿರಿಯರು. ಒಟ್ಟು ಎಷ್ಟು ವಸ್ತುಗಳಿವೆ, ಯಾವುದು ಎಲ್ಲಿದೆ ಎಂದು ಕೇಳಿದೆ. ನೋಂದಣಿ ಪುಸ್ತಕ ತಂದರು. ಮೊದಲ ಮೂವತ್ತು ಪುಟ ಮುತ್ತು ಪೋಣಿಸಿದಂಥ ಅಕ್ಷರ. ಬರೆಯುತ್ತಿದ್ದ ನಿವೃತ್ತ ಶಿಕ್ಷಕರು ತೀರಿಕೊಂಡ ಮೇಲೆ ಪುಟಗಳು ಖಾಲಿ.

ಹಳೆಯ ಕಟ್ಟಡಗಳ ದುರಸ್ತಿಯೇ ನನ್ನ ಕಸುಬು. ಇಂಥ ಕರೆ ಬಂದಾಗಲೆಲ್ಲ ಜನ ತೋರಿಸುವುದು ತುಂಬಿಹೋದ ಪಡಸಾಲೆಯನ್ನು. ನಾನು ಮೊದಲು ನೋಡಲು ಕೇಳುವುದು ಬೀಗ ಹಾಕಿದ ಕೋಣೆಯನ್ನು. ಈ ವಾಡೆಯ ಆ ಕೋಣೆಯಲ್ಲಿ ತಾಮ್ರದ ಹಂಡೆಗಳ ಕೆಳಗೆ ತಾಳೆಗರಿಯ ಕಟ್ಟುಗಳಿದ್ದವು, ಮಗ್ಗದ ಬಿಡಿಭಾಗಗಳ ಮೇಲೆ ಹಳೆಯ ಚುನಾವಣೆಯ ಫ್ಲೆಕ್ಸ್ ಇತ್ತು, ಕಿಟಕಿಯ ಪಕ್ಕದ ಕಾಗದದ ಗಂಟಿಗೆ ಗೆದ್ದಲು ಹತ್ತಿತ್ತು. ಪಡಸಾಲೆ ತುಂಬಿದ್ದು ವಸ್ತುಗಳು ಹೆಚ್ಚಾದ್ದರಿಂದ ಎಂದು ಸಮಿತಿ ನಂಬಿತ್ತು. ನನಗೆ ಕಂಡಂತೆ ಕೋಠಿ, ಅಂದರೆ ಈ ದಾಸ್ತಾನು ಕೋಣೆ, ಕೆಟ್ಟುಹೋದದ್ದರಿಂದ ಪಡಸಾಲೆ ತುಂಬಿತ್ತು. ಒಳಗೆ ಇಡಲಾಗದ್ದನ್ನೆಲ್ಲ ಹೊರಗೆ ಇಟ್ಟು ಅದಕ್ಕೆ ಪ್ರದರ್ಶನ ಎಂದು ಹೆಸರು ಕೊಟ್ಟಿದ್ದರು.

ಹಳೆಯ ಕಟ್ಟಡದಲ್ಲಿರುವ ಮ್ಯೂಸಿಯಂ ಎಂದರೇನು ಎಂದು ತಿಳಿಯಬೇಕಾದವರಿಗೆ ವಿಜಯಪುರದಲ್ಲೇ ಪಾಠವಿದೆ. ಗೋಳಗುಮ್ಮಟದ ಮುಂದಿನ ನಗಾರಖಾನೆಯಲ್ಲಿ 1892ರಲ್ಲಿ ಜಿಲ್ಲಾ ವಸ್ತುಸಂಗ್ರಹಾಲಯ ಶುರುವಾಯಿತು. 1982ರಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಅದನ್ನು ವಹಿಸಿಕೊಂಡಿತು. ಅರಬ್ಬಿ, ಪಾರ್ಸಿ, ಕನ್ನಡ, ಸಂಸ್ಕೃತ ಶಾಸನಗಳು, ಜೈನ ಮತ್ತು ಶೈವ ಶಿಲ್ಪಗಳು, ವೀರಗಲ್ಲುಗಳು, ಆದಿಲಶಾಹಿ ಕಾಲದ ರತ್ನಗಂಬಳಿಗಳು, ಚೀನಾ ಪಿಂಗಾಣಿ, ಬಿದರಿ ಸಾಮಾನು, ಫರ್ಮಾನುಗಳು, ಆಯುಧಗಳು ಎಲ್ಲವೂ ಅಲ್ಲಿವೆ. ನಾನು ಹತ್ತಾರು ಸಲ ಹೋಗಿದ್ದೇನೆ. ಪ್ರತಿ ಸಲವೂ ವಸ್ತುಗಳನ್ನು ನೋಡಿ ಮುಗಿಸಿದ ಮೇಲೆ ಒಂದು ಕಮಾನಿನ ಕೆಳಗೆ ನಿಂತು ಕಟ್ಟಡವನ್ನು ನೋಡುತ್ತೇನೆ. ನಗಾರಿ ಬಾರಿಸುವವರಿಗಾಗಿ ಕಟ್ಟಿದ ಮನೆ ಅದು. ಸದ್ದು ದೂರಕ್ಕೆ ಹೋಗಬೇಕೆಂದು ಅಗಲವಾದ ಕಮಾನುಗಳನ್ನು ತೆರೆದಿಟ್ಟ ಕಟ್ಟಡದೊಳಗೆ ಈಗ ಧೂಳು, ಬಿಸಿಲು, ಪಾರಿವಾಳ ಬರಕೂಡದ ವಸ್ತುಗಳಿವೆ. ಕಟ್ಟಡದ ಸ್ವಭಾವ ಒಂದು, ಸಂಗ್ರಹದ ಬೇಡಿಕೆ ಇನ್ನೊಂದು. ಈ ಎರಡನ್ನೂ ಒಂದೇ ಗೋಡೆಯೊಳಗೆ ಸಂಭಾಳಿಸುವುದೇ ನಮ್ಮ ಕೆಲಸ. ಅಲ್ಲಿ ವಿಸ್ತರಣೆ ಎಂದು ಪಕ್ಕದಲ್ಲೊಂದು ಕಟ್ಟಡ ಎಬ್ಬಿಸುವಂತೆಯೂ ಇಲ್ಲ. ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಬಂದ ತಿದ್ದುಪಡಿಯ ನಂತರ ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಈ ಕಾನೂನನ್ನು ಬೈಯುವವರನ್ನು ಬಹಳ ಕಂಡಿದ್ದೇನೆ. ಗೋಳಗುಮ್ಮಟದ ಸುತ್ತ ಇಂದು ಆಕಾಶ ಕಾಣುತ್ತಿದ್ದರೆ ಅದರಲ್ಲಿ ಈ ಕಾನೂನಿನ ಪಾಲೂ ಇದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಡೋಣಿ ಬಯಲಿನ ವಾಡೆಗೆ ಅಂಥ ರಕ್ಷಣೆ ಇರಲಿಲ್ಲ. ಏನು ಬೇಕಾದರೂ ಕಟ್ಟಬಹುದಿತ್ತು. ನನಗೆ ಹೆದರಿಕೆಯಾದದ್ದೂ ಅದಕ್ಕೇ.

ಮೊದಲು ತೂಕದ ಲೆಕ್ಕ ಹಾಕಿದೆವು. ಐದು ಅಡಿ ಎತ್ತರ, ಎರಡು ಅಡಿ ಅಗಲ, ಅರ್ಧ ಅಡಿ ದಪ್ಪದ ಒಂದು ವೀರಗಲ್ಲು ಐದು ಘನ ಅಡಿಯಾಯಿತು. ನಮ್ಮ ಕಡೆಯ ಕಪ್ಪುಕಲ್ಲಾದರೆ ಸುಮಾರು ನಾಲ್ಕು ಕ್ವಿಂಟಲ್. ನಾಲ್ಕು ಚೀಲ ಜೋಳವನ್ನು ಒಂದು ಮಣೆಯಷ್ಟು ಜಾಗದಲ್ಲಿ ಒಂದರ ಮೇಲೊಂದು ಇಟ್ಟಂತೆ. ಇಂಥ ಏಳು ಕಲ್ಲುಗಳನ್ನು ಮೇಲಂತಸ್ತಿನ ಸಭಾಂಗಣಕ್ಕೆ ಒಯ್ಯುವ ಯೋಚನೆ ಸಮಿತಿಯದು. ವಾಸದ ಮನೆಯ ನೆಲ ಚದರ ಮೀಟರಿಗೆ 200 ಕಿಲೋ ಹೊರಬೇಕು, ಮ್ಯೂಸಿಯಂ ನೆಲ 400 ಕಿಲೋ ಹೊರಬೇಕು ಎಂಬುದು ನಮ್ಮ ದೇಶದ ಮಾನದಂಡದ ಸ್ಥೂಲ ಲೆಕ್ಕ. ವಾಡೆಯನ್ನು ಕಟ್ಟಿದ ಬಡಿಗೇರರು ತೊಲೆ ಕೂರಿಸುವಾಗ ಮನಸ್ಸಿನಲ್ಲಿಟ್ಟದ್ದು ಮಲಗುವ ಮಕ್ಕಳನ್ನು, ಒಣಗಲು ಹಾಕುವ ಕಾಳನ್ನು. ಕಲ್ಲು ನೆಲದ ಮೇಲೆಯೇ ಇರಬೇಕು, ಗೋಡೆಗೆ ಆನಿಸದೆ ತನ್ನದೇ ಪೀಠದ ಮೇಲೆ ನಿಲ್ಲಬೇಕು. ಅಂಗಳದ ಪೂರ್ವದ ಬದಿಗೆ ಒಂದು ಚಪ್ಪರದ ಮಾಡು ಸಾಕು ಎಂದೆ. ಬಾದಾಮಿಯ ಮ್ಯೂಸಿಯಂ ಶುರುವಾದದ್ದೂ ಶಿಲ್ಪಗಳನ್ನಿಡುವ ಒಂದು ಶೆಡ್ಡಿನಿಂದಲೇ. ಅದರಲ್ಲಿ ಅವಮಾನವೇನಿಲ್ಲ.

ಇನ್ನು ಮಾಳಿಗೆ. ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮ ಭಾಗದ ವಾಡೆಗಳು ಕುಸಿಯುವುದು ಬಹುಪಾಲು ಇಲ್ಲಿಂದಲೇ. ಕಂಬ, ಅದರ ತಲೆಯ ಮೇಲೆ ತೊಲೆಗೆ ಆಸರೆಯಾಗುವ ಬೋದಿಗೆ, ತೊಲೆ, ತೊಲೆಗಳ ಮೇಲೆ ಅಡ್ಡಲಾಗಿ ಸಣ್ಣ ಜಂತಿ, ಹಲಗೆ, ಅದರ ಮೇಲೆ ಮಣ್ಣು. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಮಾಳಿಗೆಗೆಂದೇ ತರುವ ಹಾಳುಮಣ್ಣನ್ನು ಒಂದು ಪದರ ಹಾಕಿ ಬಡಿಯುವುದು ರೂಢಿ. ಹಳೆಯ ಕಾಲದಲ್ಲಿ ಹೊಸ ಪದರಕ್ಕೆ ಮೊದಲು ಸಡಿಲಾದ ಹಳೆಯದನ್ನು ಕೆರೆದು ತೆಗೆಯುತ್ತಿದ್ದರು. ಕೈಯಾಳುಗಳು ಸಿಗದಂತಾದ ಮೇಲೆ ಕೆರೆಯುವುದು ನಿಂತಿತು, ಹಾಕುವುದು ಮುಂದುವರಿಯಿತು. ಈ ವಾಡೆಯಲ್ಲಿ ನಾವು ಅಗೆದು ನೋಡಿದಾಗ ಮಣ್ಣು ಒಂದೂವರೆ ಅಡಿ ಇತ್ತು. ಒಂದು ಅಡಿ ಮಣ್ಣೆಂದರೆ ಚದರ ಮೀಟರಿಗೆ ಸುಮಾರು ಐದು ಕ್ವಿಂಟಲ್. ಜನ ಮೇಲೆ ಏರುವ ಮೊದಲೇ ಆ ತೊಲೆಗಳು ಮ್ಯೂಸಿಯಂ ನೆಲಕ್ಕಿಂತ ಹೆಚ್ಚಿನ ಭಾರ ಹೊತ್ತು ನಿಂತಿದ್ದವು. ಅದರ ಮೇಲೆ ಯಾರೋ ಸೋರಿಕೆ ತಡೆಯಲೆಂದು ಸಿಮೆಂಟಿನ ಗಿಲಾವು ಹೊಡೆದಿದ್ದರು. ಮಣ್ಣಿಗೆ ಬೇಸಗೆಯಲ್ಲಿ ಒಣಗುವ ದಾರಿ ಬೇಕು. ಸಿಮೆಂಟು ಬಿರಿದು ಒಳಗಿಳಿದ ನೀರಿಗೆ ಹೊರಬರುವ ದಾರಿ ಇರಲಿಲ್ಲ. ಅದು ಇಳಿದು ಇಳಿದು ಗೋಡೆಯೊಳಗೆ ಹುದುಗಿದ್ದ ತೊಲೆಯ ತುದಿಗಳನ್ನು ತಿಂದಿತ್ತು. ಹೊರಗಿನಿಂದ ನೋಡಿದರೆ ತೇಗದ ತೊಲೆ ಹೊಳೆಯುತ್ತಿತ್ತು; ಅದು ಗೋಡೆ ಸೇರುವಲ್ಲಿ ಚೂರಿ ಚುಚ್ಚಿದರೆ ಹಿಟ್ಟಿನಂತೆ ಒಳಗಿಳಿಯುತ್ತಿತ್ತು.

ಆ ವರ್ಷ ನಾವು ಏನನ್ನೂ ಕಟ್ಟಲಿಲ್ಲ. ಸಿಮೆಂಟು ಕಿತ್ತೆವು, ಮಣ್ಣನ್ನು ಆರು ಅಂಗುಲಕ್ಕೆ ಇಳಿಸಿದೆವು, ಮೇಲೆ ಸುಣ್ಣದ ಗಚ್ಚು ಹಾಕಿ ನೀರು ಹೊರಗೆ ಬೀಳುವಂತೆ ಇಳುಕಲು ಕೊಟ್ಟೆವು. ಕೊಳೆತ ತುದಿಗಳನ್ನಷ್ಟೇ ಕತ್ತರಿಸಿ ಹೊಸ ತೇಗದ ತುಂಡು ಕೂಡಿಸಿದ ಹಿರಿಯ ಬಡಿಗೇರರ ಕೈಚಳಕವನ್ನು ನಾನು ಮರೆಯಲಾರೆ. ಮುಚ್ಚಿಹೋಗಿದ್ದ ಬೆಳಕಿಂಡಿಗಳು ತೆರೆದವು. ಸಮಿತಿಯ ಕೆಲವರಿಗೆ ಬೇಸರವಿತ್ತು, ಉದ್ಘಾಟನೆಗೆ ತೋರಿಸಲು ಏನೂ ಇಲ್ಲವಲ್ಲ ಎಂದು. ಆದರೆ ಮಾಳಿಗೆಯಿಂದ ಇಳಿದ ಟ್ರ್ಯಾಕ್ಟರ್‌ಗಟ್ಟಲೆ ಮಣ್ಣನ್ನು ನೋಡಿದ ದಿನ ಹಿರಿಯರು ಕಂಬವೊಂದನ್ನು ಸವರಿ, "ಇಷ್ಟು ದಿನ ಇದನ್ನೆಲ್ಲ ಹೊತ್ತು ನಿಂತಿತ್ತಲ್ಲ" ಎಂದರು.

ಹೊಸ ಕಟ್ಟಡವನ್ನು ವಾಡೆಗೆ ಅಂಟಿಸಬೇಡಿ ಎಂದು ನಾನು ಹಟ ಹಿಡಿದದ್ದಕ್ಕೆ ಎರೆಮಣ್ಣು ಕಾರಣ. ಡೋಣಿ ಬೆಳೆದರೆ ಓಣಿಯೆಲ್ಲ ಕಾಳು ಎಂಬ ಮಾತನ್ನು ಹುಟ್ಟಿಸಿದ ಮಣ್ಣು ಅದು. ಬೆಳೆಗೆ ತಾಯಿ, ಬುನಾದಿಗೆ ಕಷ್ಟ. ನೀರು ಕುಡಿದರೆ ಉಬ್ಬುತ್ತದೆ, ಬೇಸಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುತ್ತದೆ. ನೂರಾರು ಮಳೆಗಾಲ ಕಂಡ ವಾಡೆಯ ಗೋಡೆ ತನ್ನ ಕೆಳಗಿನ ನೆಲದೊಂದಿಗೆ ಒಂದು ಒಪ್ಪಂದಕ್ಕೆ ಬಂದಿರುತ್ತದೆ. ಪಕ್ಕದಲ್ಲಿ ಕಾಂಕ್ರೀಟಿನ ಭಾರದ ಕಟ್ಟಡ ಬಂದು, ಅದರ ಚಾವಣಿಯ ನೀರು ವಾಡೆಯ ಬುಡಕ್ಕೆ ಬಿದ್ದು, ಅಂಗಳಕ್ಕೆಲ್ಲ ಟೈಲ್ಸ್ ಹಾಸಿದರೆ ಆ ನೆಲದ ತೇವದ ಲೆಕ್ಕವೇ ಬದಲಾಗುತ್ತದೆ. ಎರಡು ಕಟ್ಟಡಗಳೂ ಒಂದೇ ಹದದಲ್ಲಿ ಕೂರುವುದಿಲ್ಲ. ಅಂಟಿಸಿದ ಗೆರೆಯಲ್ಲಿ ಬಿರುಕು ಬರುತ್ತದೆ, ಬಿರಿಯುವುದು ಮೊದಲು ಮೆತ್ತಗಿರುವ ಮಣ್ಣಿನ ಗೋಡೆಯೇ. ಹೊಸದು ಬೇಕೆಂದರೆ ದೂರ ಸರಿದು ನಿಲ್ಲಲಿ, ವಾಡೆಗಿಂತ ತಗ್ಗಾಗಿರಲಿ, ತನ್ನ ಬುನಾದಿಯನ್ನು ಎರೆಯ ಕೆಳಗಿನ ಗಟ್ಟಿ ಗರಸಿನ ತನಕ ಇಳಿಸಲಿ. ನಡುವೆ ನಡೆದು ಹೋಗಲು ನೆರಳಿನ ದಾರಿ ಇದ್ದರೆ ಆಯಿತು.

ಹಾಗೆ ದೂರ ಸರಿದ ಹೊಸ ಕಟ್ಟಡದಲ್ಲಿ ಏನಿರಬೇಕು? ನನ್ನ ಉತ್ತರ ಸಮಿತಿಗೆ ರುಚಿಸಲಿಲ್ಲ. ಮೊದಲು ಕೋಠಿ, ಆಮೇಲೆ ಶೌಚಾಲಯ, ಕಚೇರಿ, ವಿದ್ಯುತ್ತಿನ ಮುಖ್ಯ ಸ್ವಿಚ್ಚುಗಳು. ನೀರು ಮತ್ತು ಬೆಂಕಿಯ ಅಪಾಯವಿರುವ ಎಲ್ಲವೂ ವಾಡೆಯಿಂದ ಹೊರಗೆ ಹೋಗಲಿ. ಪಡಸಾಲೆಯಲ್ಲಿ ಈಗಿನ ಮೂರರಲ್ಲಿ ಒಂದು ಪಾಲು ವಸ್ತು ಮಾತ್ರ ಉಳಿಯಲಿ. ಆಗ ಕಂಬದ ಕೆತ್ತನೆ, ದೊಡ್ಡ ಬಾಗಿಲಿನ ಹಿತ್ತಾಳೆಯ ಮೊಳೆ, ಗೋಡೆಯ ಮಾಡಗಳು ಕಣ್ಣಿಗೆ ಬೀಳುತ್ತವೆ. ಆ ಮ್ಯೂಸಿಯಂನ ಅತ್ಯಂತ ದೊಡ್ಡ ವಸ್ತು ಆ ವಾಡೆಯೇ. ಇಷ್ಟು ವರ್ಷ ಅದನ್ನು ಕಪಾಟುಗಳ ಹಿಂದೆ ಮರೆಮಾಡಿದ್ದರು.

ಕೋಠಿಯ ಕೆಲಸಕ್ಕೆ ಹಣಕ್ಕಿಂತ ತಾಳ್ಮೆ ಬೇಕು. ಸಣ್ಣ ಮ್ಯೂಸಿಯಂಗಳ ದಾಸ್ತಾನನ್ನು ಹಂತಹಂತವಾಗಿ ಸರಿಪಡಿಸಲು ಐಕ್ರಾಮ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ 'ರೀ-ಆರ್ಗ್' ಎಂಬ ಕ್ರಮವನ್ನು ರೂಪಿಸಿದೆ. ಅದರ ತಿರುಳು ಸರಳ: ಪ್ರತಿ ವಸ್ತುವಿಗೂ ಒಂದು ಸಂಖ್ಯೆ, ಪ್ರತಿ ಸಂಖ್ಯೆಗೂ ಒಂದು ಜಾಗ, ಯಾವುದೂ ನೇರವಾಗಿ ನೆಲದ ಮೇಲೆ ಇರಕೂಡದು, ಯಾವ ವಸ್ತುವನ್ನಾದರೂ ಕೆಲವೇ ನಿಮಿಷಗಳಲ್ಲಿ ಹುಡುಕಿ ತೆಗೆಯುವಂತಿರಬೇಕು. ನಾವು ಪಕ್ಕದ ಕಾಲೇಜಿನ ಹನ್ನೆರಡು ವಿದ್ಯಾರ್ಥಿಗಳನ್ನು ಕೂಡಿಸಿಕೊಂಡು ನಾಲ್ಕು ತಿಂಗಳು ಇದನ್ನೇ ಮಾಡಿದೆವು. ಮೊಬೈಲಿನಲ್ಲಿ ಫೋಟೊ, ಹತ್ತಿಯ ಪಟ್ಟಿಯಲ್ಲಿ ಸಂಖ್ಯೆ, ಕೊಟ್ಟವರ ಹೆಸರು, ಊರು. ಕೊಟ್ಟವರು ಬದುಕಿದ್ದರೆ ಅವರ ಬಾಯಿಂದ ಆ ವಸ್ತುವಿನ ಕಥೆ. ಕಾನೂನಿನ ಮಾತೂ ಇಲ್ಲೇ ಬರುತ್ತದೆ: 1972ರ ಪುರಾವಸ್ತು ಕಾಯ್ದೆಯಂತೆ ನೂರು ವರ್ಷ ದಾಟಿದ ಶಿಲ್ಪ, ಎಪ್ಪತ್ತೈದು ವರ್ಷ ದಾಟಿದ ಹಸ್ತಪ್ರತಿ ಪುರಾವಸ್ತುಗಳು. ದಾಖಲೆಯಿಲ್ಲದೆ ಅವನ್ನು ಇಟ್ಟುಕೊಳ್ಳುವುದು ಸಮಿತಿಗೂ ತೊಡಕು, ಕಳುವಾದರೆ ಇದು ನಮ್ಮದು ಎನ್ನಲು ಪುರಾವೆಯೂ ಇರುವುದಿಲ್ಲ. ವಿಜಯಪುರದ ಆಸಾರ್ ಮಹಲಿನಲ್ಲಿ ಉಳಿದಿದ್ದ ಆದಿಲಶಾಹಿ ಗ್ರಂಥಗಳು 1853ರಲ್ಲಿ ಲಂಡನ್ನಿಗೆ ಹೋದವು. ಅಲ್ಲಿ ಅವುಗಳಿಗೆ ಸೂಚಿ ಸಿದ್ಧವಾಯಿತು, ಜಗತ್ತಿನ ವಿದ್ವಾಂಸರು ಓದಿದರು. ನಮ್ಮೂರಿನ ಪುಸ್ತಕಗಳು ನಮ್ಮೂರಲ್ಲೇ ಇದ್ದು ಓದುವಂತಾಗಬೇಕಿತ್ತು ಎಂಬ ನೋವು ನನಗಿದೆ. ಉಳಿದಿರುವುದನ್ನಾದರೂ ಎಣಿಸಿಡಬೇಕೆಂಬ ಅವಸರವೂ ಇದೆ.

ಬೆಳಕಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಕಾಗದ, ಬಟ್ಟೆಗಳಿಗೆ 50 ಲಕ್ಸ್ ಬೆಳಕು ಸಾಕು; ಲಕ್ಸ್ ಎಂದರೆ ಬೆಳಕಿನ ಅಳತೆ. ನಮ್ಮ ಬೇಸಗೆಯ ಮಧ್ಯಾಹ್ನದ ಬಿಸಿಲು ಒಂದು ಲಕ್ಷದ ಹತ್ತಿರ ಹೋಗುತ್ತದೆ. ವಾಡೆಯಲ್ಲಿ ಮುತ್ತಜ್ಜಿಯ ಕಾಲದ ಇಳಕಲ್ ಸೀರೆಯೊಂದನ್ನು ಕಿಟಕಿಯ ಎದುರು ಗಾಜಿನೊಳಗೆ ತೂಗುಹಾಕಿದ್ದರು. ಟೋಪಿ ತೆನೆಯ ಸೆರಗಿನ ಕೆಂಪು ಮಡಿಕೆಯೊಳಗೆ ಕುಂಕುಮದಂತಿತ್ತು, ಹೊರಮೈಯಲ್ಲಿ ಇಟ್ಟಿಗೆ ಪುಡಿಯಂತಾಗಿತ್ತು. ಹೋದ ಬಣ್ಣ ಮರಳುವುದಿಲ್ಲ. ಈಗ ಮೂರು ತಿಂಗಳಿಗೊಮ್ಮೆ ಸೀರೆ ಬದಲಾಗುತ್ತದೆ, ಉಳಿದವು ಕತ್ತಲೆಯಲ್ಲಿ ಹತ್ತಿಯ ಬಟ್ಟೆ ಸುತ್ತಿದ ಉರುಳೆಗಳ ಮೇಲೆ ವಿಶ್ರಮಿಸುತ್ತವೆ.

ಕಳೆದ ಚಳಿಗಾಲದಲ್ಲಿ ಹೊಸ ಕೋಠಿಗೆ ಜಾಗ ಗುರುತಿಸಿದೆವು, ಹಿತ್ತಿಲಂಗಳದ ಮೂಲೆಯಲ್ಲಿ. ಮೊದಲ ಗುಂಡಿ ತೋಡುವಾಗ ನಾಲ್ಕಡಿ ಕೆಳಗೆ ಗೌಂಡಿಯ ಹಾರೆ ಸರ್ರನೆ ಒಳಗೆ ಹೋಯಿತು. ಕೆಳಗೆ ಪೊಳ್ಳು. ಹಗೇವು, ಕಾಳು ತುಂಬಿಡುವ ನೆಲದೊಳಗಿನ ಕಣಜ. ಬಾಯಿಗೆ ಚಪ್ಪಡಿ ಮುಚ್ಚಿ, ಮೇಲೆ ಮಣ್ಣು ಹರಡಿ, ಎಲ್ಲರೂ ಮರೆತುಬಿಟ್ಟಿದ್ದರು. ಕಂಬ ಅದರ ಮೇಲೆ ಬಂದಿದ್ದರೆ ಒಂದು ಮಳೆಗಾಲ ಸಾಕಿತ್ತು. ನನ್ನ ಅಳತೆಯ ನಕ್ಷೆಯಲ್ಲಿ ಅದಿರಲಿಲ್ಲ, ನಾನು ಯಾರನ್ನೂ ಕೇಳಿರಲೂ ಇಲ್ಲ. ಆ ತಪ್ಪು ನನ್ನದು. ಮರುದಿನ ಆ ಮನೆತನದ ಹಿರಿಯ ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ ಅಂಗಳಕ್ಕೆ ಕರೆತಂದರು. ತೊಂಬತ್ತು ದಾಟಿದವರು, ಮದುವೆಯಾಗಿ ಬಂದ ವರ್ಷ ಹಗೇವು ತೆಗೆಯುವುದನ್ನು ಕಂಡವರು. "ಒಳಗಿಳಿಯುವ ಮೊದಲು ದೀಪ ಇಳಿಸುತ್ತಿದ್ದರಪ್ಪಾ, ಆರಿದರೆ ಯಾರೂ ಇಳಿಯುತ್ತಿರಲಿಲ್ಲ" ಎನ್ನುತ್ತ ಕೋಲಿನಿಂದ ಒಂದೊಂದೇ ಜಾಗ ತೋರಿಸಿದರು. ಬೇವಿನ ಗಿಡದ ಹತ್ತಿರ ಎರಡು, ಬಾವಿಯ ದಾರಿಯಲ್ಲಿ ಒಂದು, ಈಗ ಸಿಕ್ಕಿದ್ದು ನಾಲ್ಕನೆಯದು, ದನದ ಕೊಟ್ಟಿಗೆಯ ಬಾಗಿಲಲ್ಲಿ ಐದನೆಯದು. ವಿದ್ಯಾರ್ಥಿಗಳು ಅವರು ತೋರಿಸಿದಲ್ಲೆಲ್ಲ ಸುಣ್ಣದ ಪುಡಿಯಿಂದ ವೃತ್ತ ಬರೆದರು. ನಾನು ಅಲ್ಲೇ ಕೂತು ಕೋಠಿಯ ನಕ್ಷೆಯನ್ನು ಇಪ್ಪತ್ತು ಅಡಿ ಪಡುವಣಕ್ಕೆ ಸರಿಸಿದೆ.