ಮಣ್ಣು ಹೊದ್ದ ಇರುವೆ

ಇರುವೆ ಮೊಟ್ಟೆ ಕಚ್ಚಿಕೊಂಡು ಹೊರಟರೆ ಮಳೆ ಹತ್ತಿರ ಬಂತು ಅನ್ನುವ ಮಾತು ಕಾಸರಗೋಡಿನ ತೋಟಗಳಲ್ಲಿ ಇನ್ನೂ ಕೇಳುತ್ತದೆ. ಮಳೆಯ ಲೆಕ್ಕ ಹಾಗಿರಲಿ, ಅದು ಮೊಟ್ಟೆಯೇ ಅಲ್ಲ! ಇರುವೆಯ ಮೊಟ್ಟೆ ಸಾಮಾನ್ಯವಾಗಿ ಒಂದು ಮಿಲಿಮೀಟರಿಗೂ ಚಿಕ್ಕದು. ಬೆಳ್ಳಗೆ ಅಕ್ಕಿಕಾಳಿನಂತೆ ಕಾಣುವುದು ಮರಿಹುಳು, ಇಲ್ಲವೇ ಕೋಶ (ಪ್ಯೂಪಾ). ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಕಾಡಿನ ನೆಲದಲ್ಲಿ ಯಾರ ಕಣ್ಣಿಗೂ ಬೀಳದೆ ಬದುಕುವ ಒಂದು ಇರುವೆಯ ಗುಟ್ಟು ರಟ್ಟಾಗುವುದು ಈ ಬಿಳಿಯಿಂದಲೇ.

ಅದರ ಹೆಸರು ಬಾಸಿಸೆರೋಸ್. ಮಧ್ಯ ಮತ್ತು ದಕ್ಷಿಣ ಅಮೆರಿಕದ ಮಳೆಕಾಡುಗಳ ತರಗೆಲೆ, ಕುಂಬು ಮರ ಅದರ ಮನೆ. ನಮ್ಮ ಕಡೆ ಅದು ಇಲ್ಲ. ಉದ್ದ ಒಂದು ಸೆಂಟಿಮೀಟರಿನ ಒಳಗೆ. ಬಣ್ಣ? ಮಣ್ಣಿನದು. ಊಸರವಳ್ಳಿಯ ಹಾಗೆ ಬಣ್ಣ ಬದಲಾಯಿಸುತ್ತದೆ ಅಂದುಕೊಳ್ಳಬೇಡಿ. ಬಣ್ಣ ಚರ್ಮದೊಳಗೆ ಇಲ್ಲ, ಮೈಮೇಲೆ ಮೆತ್ತಿಕೊಂಡಿದೆ.

ಸೋಜಿಗ ಇರುವುದು ಇಲ್ಲೇ. ಇರುವೆಗಳಷ್ಟು ಮೈ ತಿಕ್ಕಿಕೊಳ್ಳುವ ಜೀವಿಗಳು ಕಡಿಮೆ. ಪ್ರತಿ ಮುಂಗಾಲಿನಲ್ಲೂ ಮೀಸೆ ಬಾಚುವ ಒಂದು ಬಾಚಣಿಗೆ ಹುಟ್ಟಿನಿಂದಲೇ ಇರುತ್ತದೆ. ತೇವದ ನೆಲದಲ್ಲಿ ಬೂಷ್ಟು ಹಿಡಿದರೆ ಪ್ರಾಣಕ್ಕೇ ಕುತ್ತು. ಅಂಥ ಕುಲದಲ್ಲಿ ಹುಟ್ಟಿದ ಬಾಸಿಸೆರೋಸ್ ಬೆನ್ನ ಮೇಲೆ ಮಣ್ಣು ಹೇರಿಕೊಂಡೇ ಮುದಿಯಾಗುತ್ತದೆ. ಎಳೆಯ ಕೆಲಸಗಾರ್ತಿಯ ಮೈ ಸುಮಾರಾಗಿ ಸ್ವಚ್ಛ. ವಯಸ್ಸಾದಷ್ಟೂ ಮಣ್ಣಿನ ಪದರ ದಪ್ಪ.

ಮಣ್ಣು ನಿಲ್ಲುವುದು ಎರಡು ಬಗೆಯ ರೋಮದಿಂದ. ಮೇಲಿನದು ಉದ್ದ, ತುದಿ ಸೀಳುಸೀಳು: ಸವೆದ ಹಿಡಿಸೂಡಿಯ ಕಡ್ಡಿಯಂತೆ. ಇರುವೆ ಸಂದಿಯಲ್ಲಿ ನುಸುಳುವಾಗ ಇದು ಸುತ್ತಲಿನ ಪುಡಿಯನ್ನು ಕೆರೆದುಕೊಳ್ಳುತ್ತದೆ. ಅದರ ಬುಡದಲ್ಲಿ ಗಿಡ್ಡ ರೋಮಗಳ ಇನ್ನೊಂದು ಪದರ, ಒಂದೊಂದೂ ಕೋಳಿಪುಕ್ಕದಂತೆ ಕವಲೊಡೆದದ್ದು. ಉದುರಿದ ನಯವಾದ ಪುಡಿ ಸಿಕ್ಕಿಕೊಳ್ಳುವುದು ಇಲ್ಲಿ. ಮಳೆಗಾಲದಲ್ಲಿ ಜಗಲಿಯ ನಾರಿನ ಕಾಲೊರಸನ್ನು ನೋಡಿ. ಒರಟು ನಾರು ಕೆಸರನ್ನು ಕೀಳುತ್ತದೆ, ಒಳಗಿನ ಹೆಣಿಗೆ ಅದನ್ನು ಹಿಡಿದಿಡುತ್ತದೆ. ತಿಂಗಳಾದ ಮೇಲೆ ಕಾಲೊರಸು ಯಾವುದು, ಅಂಗಳ ಯಾವುದು ಗೊತ್ತಾಗದು. ಕೆರೆಯುವ ರೋಮ ಮಾತ್ರ ಇದ್ದಿದ್ದರೆ ಮಣ್ಣು ಜಾರಿಹೋಗುತ್ತಿತ್ತು. ಹಿಡಿಯುವ ರೋಮ ಮಾತ್ರ ಇದ್ದಿದ್ದರೆ ಮಣ್ಣು ಅಲ್ಲಿಗೆ ಬರುತ್ತಲೇ ಇರಲಿಲ್ಲ. ಮುರಕಲ್ಲಿನ ಮನೆ ಗುಡ್ಡೆಯ ಬಣ್ಣಕ್ಕೆ ಹೊಂದುವುದಕ್ಕೆ ಯಾರೂ ಬಣ್ಣ ಆರಿಸಬೇಕಿಲ್ಲವಲ್ಲ, ಕಲ್ಲು ಕಡಿದದ್ದೇ ಗುಡ್ಡೆಯಿಂದ. ಇದೂ ಹಾಗೆಯೇ.

ಬರೀ ರೋಮ ಇದ್ದರೆ ಸಾಲದು ಅನ್ನುವುದಕ್ಕೆ ನಮ್ಮಲ್ಲೇ ಸಾಕ್ಷಿ ಇದೆ. ದಕ್ಷಿಣ ಭಾರತದ ಬಯಲಲ್ಲಿ ಓಡಾಡುವ ಮೆರಾನೊಪ್ಲಸ್ ಬೈಕಲರ್ ರೋಮಭರಿತ ಇರುವೆ. ಮುಂಭಾಗ ಕೆಂಪು, ಹೊಟ್ಟೆ ಕಪ್ಪು. ಮೈತುಂಬ ಕೂದಲಿದ್ದೂ ಎರಡು ಬಣ್ಣವೂ ಎದ್ದು ಕಾಣುತ್ತವೆ. ತಮಾಷೆಯೆಂದರೆ, 1858ರಲ್ಲಿ ಬ್ರಿಟಿಷ್ ಕೀಟತಜ್ಞ ಫ್ರೆಡರಿಕ್ ಸ್ಮಿತ್ ಮೊದಲ ಬಾಸಿಸೆರೋಸನ್ನು ವರ್ಣಿಸಿದಾಗ ಸೇರಿಸಿದ್ದು ಈ ಮೆರಾನೊಪ್ಲಸ್ ಕುಲಕ್ಕೆ! ಬಾಸಿಸೆರೋಸ್ ಎಂಬ ಕುಲದ ಹೆಸರು ಬಂದದ್ದು 1906ರಲ್ಲಿ.

ವೇಷ ಎಷ್ಟೇ ಚೆನ್ನಾಗಿದ್ದರೂ ಅಲ್ಲಾಡಿದರೆ ಮುಗಿಯಿತು. ಹಾಗಾಗಿ ಬಾಸಿಸೆರೋಸ್ ಇರುವೆಗಳಲ್ಲೇ ತೀರಾ ನಿಧಾನದವುಗಳ ಪೈಕಿ. ಬೇಟೆಯ ಹತ್ತಿರಕ್ಕೂ ತೆವಳಿದಂತೆ ಹೋಗುತ್ತದೆ. ಮುಟ್ಟಿದರೆ ನಿಮಿಷಗಟ್ಟಲೆ ಕಲ್ಲಾಗಿ ಬಿಡುತ್ತದೆ. ಸಂಗ್ರಾಹಕರು ಇದನ್ನು ಬಹುಕಾಲ ಅಪರೂಪ ಎಂದೇ ಬರೆದುಕೊಂಡಿದ್ದರು. 1980ರ ದಶಕದಲ್ಲಿ ಇರುವೆ ತಜ್ಞರಾದ ಎಡ್ವರ್ಡ್ ವಿಲ್ಸನ್ ಮತ್ತು ಬರ್ಟ್ ಹೋಲ್ಡಾಬ್ಲರ್ ಕೋಸ್ಟರೀಕಾದ ಲಾ ಸೆಲ್ವಾ ಮಳೆಕಾಡಿನಲ್ಲಿ ಹುಡುಕಿದಾಗ ಕಣ್ಣಿಗೆ ಮೊದಲು ಬಿದ್ದದ್ದು ಬಿಳಿ ಮರಿಹುಳು, ಕೋಶಗಳು. ಅವಕ್ಕೆ ಮಣ್ಣು ಹತ್ತಿಲ್ಲ! ಬಿಳಿಯನ್ನು ಹುಡುಕಲು ಕಲಿತ ಮೇಲೆ ಅದು ಅಪರೂಪವಾಗಿ ಉಳಿಯಲಿಲ್ಲ. ಉಪಾಯವಂತೂ ಹಳೆಯದು: ಸುಮಾರು 1.6 ಕೋಟಿ ವರ್ಷ ಹಿಂದಿನ ಡೊಮಿನಿಕನ್ ಅಂಬರಿನಲ್ಲಿ (ಕಲ್ಲಾದ ಮರದ ಅಂಟಿನಲ್ಲಿ) ಸಿಕ್ಕ, 2025ರಲ್ಲಿ ವರ್ಣಿಸಿದ ಬಾಸಿಸೆರೋಸ್‌ನಲ್ಲೂ ಈ ಎರಡು ಬಗೆಯ ರೋಮಗಳಿವೆ.

ತರಗೆಲೆಯ ಇರುವೆಗಳನ್ನು ನೋಡಲು ಅಮೆರಿಕಕ್ಕೆ ಹೋಗಬೇಕಿಲ್ಲ. ಹಟ್ಟಿಗೆ ಒಯ್ಯುವ ಮೊದಲು ಒಂದು ಚದರ ಮೀಟರ್ ತರಗನ್ನು, ಕೆಳಗಿನ ಕೊಳೆತ ಪದರದ ಸಮೇತ, ಒಂದು ಸೆಂಟಿಮೀಟರ್ ಕಣ್ಣಿನ ಜರಡಿಯಲ್ಲಿ ಬಿಳಿ ಬೈರಾಸಿನ ಮೇಲೆ ಜಾಡಿಸಿ. ಮಳೆ ಬಿಟ್ಟ ಮರುಗಳಿಗೆ ಬೇಡ. ಒದ್ದೆ ಪುಡಿ ಉಂಡೆಗಟ್ಟಿ ಜರಡಿಯಲ್ಲೇ ಉಳಿಯುತ್ತದೆ. ಬಿದ್ದದ್ದನ್ನು ತೆಳ್ಳಗೆ ಹರಡಿ. ಹೆಚ್ಚಿನವರು ಓಡುವ ಇರುವೆಗಳನ್ನು ಎಣಿಸಿ ಬೈರಾಸು ಕೊಡವುತ್ತಾರೆ, ತಪ್ಪುವುದು ಅಲ್ಲಿ. ಓಡುವವು ಚದುರಿದ ಮೇಲೆ ಹತ್ತು ನಿಮಿಷ ಕದಲದೆ ಕುಳಿತುಕೊಳ್ಳಿ. ಆಮೇಲೆ ಎರಡು ಮೂರು ಮಿಲಿಮೀಟರಿನ ಒಂದು ಕಂದು ಹರಳು ಮೆಲ್ಲಗೆ ನಡೆಯತೊಡಗಿದರೆ ಹತ್ತು ಪಟ್ಟಿನ ಲೆನ್ಸ್ ಹಿಡಿಯಿರಿ. ಸೊಂಟದ ಹತ್ತಿರ ಸ್ಪಂಜಿನಂಥ ಬಿಳುಪು ತುಣುಕು ಕಂಡರೆ ಅದು ಸ್ಟ್ರುಮಿಜೆನಿಸ್ ಎಂಬ ಕುಲದ ಇರುವೆ ಇರಬಹುದು.